ಐವತ್ತೆರಡು, ನಲವತ್ತೆಂಟು ಮತ್ತು ಎರಡನೆಯ ಸಲ ಕೇಳುವ ಪ್ರಶ್ನೆ

ರಜೆಗೆ ಕಾರವಾರಕ್ಕೆ ಹೋದಾಗ ಬ್ರೆಕ್ಸಿಟ್, ಅಂದರೆ ಬ್ರಿಟನ್ ಐರೋಪ್ಯ ಒಕ್ಕೂಟದಿಂದ ಹೊರಬಂದ ಮಾತು ಬಂದರೆ ಯಾರಾದರೊಬ್ಬರು ಈ ಪ್ರಶ್ನೆ ಕೇಳದೆ ಬಿಡುವುದಿಲ್ಲ: "ಐರೋಪ್ಯ ಒಕ್ಕೂಟ ಬಿಟ್ಟದ್ದು ತಪ್ಪಾಯಿತು ಎಂದು ಈಗ ಅರ್ಧಕ್ಕಿಂತ ಹೆಚ್ಚು ಜನ ಹೇಳುತ್ತಿದ್ದಾರಂತೆ. ಹಾಗಿದ್ದರೆ ಇನ್ನೊಮ್ಮೆ ಓಟು ಹಾಕಿಸಿದರೆ ಆಯಿತಲ್ಲ, ಅದಕ್ಕೇಕೆ ಇಷ್ಟು ರಾದ್ಧಾಂತ?" ಕೇಳುವವರ ಮಟ್ಟಿಗೆ ಇದು ಸಹಜವಾದ ಪ್ರಶ್ನೆಯೇ. ನಮ್ಮ ಸಂವಿಧಾನದಲ್ಲಿ ರಾಷ್ಟ್ರಮಟ್ಟದ ಜನಮತಗಣನೆಗೆ, ಎಂದರೆ ಒಂದೇ ಪ್ರಶ್ನೆಯ ಮೇಲೆ ಜನರಿಂದ ನೇರವಾಗಿ ಮತ ಕೇಳುವುದಕ್ಕೆ, ಜಾಗವಿಲ್ಲ. ನಾವು ಬಲ್ಲ ಮತದಾನವೆಂದರೆ ಚುನಾವಣೆ, ಮತ್ತು ಚುನಾವಣೆ ಐದು ವರ್ಷಕ್ಕೊಮ್ಮೆ ಮರಳಿ ಬರುತ್ತದೆ. ಸೋತವನು ಮುಂದಿನ ಸಲ ನೋಡಿಕೊಳ್ಳೋಣ ಎಂದು ಮನೆಗೆ ಹೋಗುತ್ತಾನೆ. ಗೆದ್ದವನಿಗೂ ಮುಂದಿನ ಸಲದ ಭಯ ಇದ್ದೇ ಇರುತ್ತದೆ. ಮುಂದಿನ ಸಲ ಎಂಬುದೇ ಇಲ್ಲದ ಮತದಾನದಲ್ಲಿ ಸೋತವನು ಏನು ಮಾಡಬೇಕು, ಗೆದ್ದವನು ಅವನಿಗೆ ಏನನ್ನು ಉಳಿಸಿಕೊಡಬೇಕು ಎನ್ನುವುದು ಬೇರೆಯೇ ಪ್ರಶ್ನೆ. 2016ರಿಂದ 2019ರವರೆಗೆ ಬ್ರಿಟನ್ನಿನಲ್ಲಿ ಬದುಕಿದವರು ಯಾರೂ ಆ ಪ್ರಶ್ನೆಯಿಂದ ತಪ್ಪಿಸಿಕೊಳ್ಳಲಿಲ್ಲ. ರೈಲಿನಲ್ಲಿ, ಕಚೇರಿಯ ಊಟದ ಕೋಣೆಯಲ್ಲಿ, ಮಕ್ಕಳ ಶಾಲೆಯ ಗೇಟಿನಲ್ಲಿ, ಕನ್ನಡಿಗರ ಹಬ್ಬದ ಊಟದಲ್ಲಿ ಅದು ಎದುರಾಗುತ್ತಲೇ ಇತ್ತು. ಆ ಮತದಾನಕ್ಕೆ ಹತ್ತು ವರ್ಷವಾಗುತ್ತಾ ಬಂದಿರುವ ಈ ಹೊತ್ತಿನಲ್ಲಿ, ಮರಳಿ ಒಕ್ಕೂಟ ಸೇರುವ ಮಾತು ಅಲ್ಲಲ್ಲಿ ಮತ್ತೆ ಕೇಳಿಬರುತ್ತಿರುವಾಗ, ಊರಿನವರಿಗೆ ನಾನು ಎರಡು ವಾಕ್ಯದಲ್ಲಿ ಕೊಡಲಾಗದ ಉತ್ತರವನ್ನು ಇಲ್ಲಿ ಬರೆದಿಡಬೇಕೆನಿಸಿದೆ.

ಪೆನ್ಸಿಲು ಮತ್ತು ಪೆನ್ನು

2016ರ ಜೂನ್ 23ರಂದು ಲಂಡನ್ ಸುತ್ತಮುತ್ತ ಜೋರು ಮಳೆ. ನಾನಾಗ ಸ್ಲೌ ಊರಿನಲ್ಲಿದ್ದೆ. ನಮ್ಮ ಬೀದಿಯವರಿಗೆ ಗೊತ್ತುಪಡಿಸಿದ್ದ ಮತಗಟ್ಟೆ ಒಂದು ಚರ್ಚಿನ ಸಭಾಂಗಣ. ಬಾಗಿಲ ಬಳಿ ನೀರು ಸೋರುವ ಕೊಡೆಗಳನ್ನು ಇಡಲು ಪ್ಲಾಸ್ಟಿಕ್ ಬಕೆಟ್ ಇಟ್ಟಿದ್ದರು. ಮೇಜಿನ ಹಿಂದೆ ಕುಳಿತಿದ್ದ ಇಬ್ಬರು ಹಿರಿಯ ಮಹಿಳೆಯರು ವಿಳಾಸ ಕೇಳಿ, ಪಟ್ಟಿಯ ಮೇಲೆ ಅಡಿಕೋಲು ಇಟ್ಟು, ಹೆಸರಿಗೆ ಅಡ್ಡಗೆರೆ ಎಳೆಯುತ್ತಿದ್ದರು. ಗುರುತಿನ ಚೀಟಿ ತೋರಿಸಬೇಕೆಂಬ ನಿಯಮ ಆಗ ಇನ್ನೂ ಬಂದಿರಲಿಲ್ಲ. ಬೆರಳಿಗೆ ಶಾಯಿಯೂ ಇಲ್ಲ. ಹಲಗೆ ಕಟ್ಟಿದ ಗೂಡಿನೊಳಗೆ ದಾರ ಕಟ್ಟಿದ ಒಂದು ಮೊಂಡು ಪೆನ್ಸಿಲು. ನನ್ನ ಮುಂದಿದ್ದ, ಹೊಳೆಯುವ ಹಳದಿ ಜಾಕೆಟ್ಟಿನ ಕಾರ್ಮಿಕನೊಬ್ಬ ಜೇಬಿನಿಂದ ಪೆನ್ನು ತೆಗೆದು, "ನಾನು ಇದರಲ್ಲೇ ಗುರುತು ಹಾಕುತ್ತೇನೆ, ಪೆನ್ಸಿಲಿನದನ್ನು ಅಳಿಸಿಬಿಡುತ್ತಾರಂತೆ" ಎಂದ. ಆ ಮಹಿಳೆ ಮುಖದಲ್ಲಿ ಯಾವ ಬದಲಾವಣೆಯನ್ನೂ ತೋರದೆ, "ಪೆನ್ನಿನಲ್ಲಿ ಹಾಕಿದರೂ ನಡೆಯುತ್ತದೆ" ಎಂದರು. ಪೆನ್ಸಿಲಿನ ಮತಗಳನ್ನು ಅಳಿಸಿ ತಿದ್ದುತ್ತಾರೆ ಎಂಬ ವದಂತಿ ಆ ವಾರವಿಡೀ ದೇಶದಲ್ಲಿ ಹರಿದಾಡಿತ್ತು. ಎಣಿಕೆ ಇನ್ನೂ ಶುರುವಾಗಿರಲಿಲ್ಲ, ಯಾರು ಸೋತರು ಎಂಬುದು ಯಾರಿಗೂ ಗೊತ್ತಿರಲಿಲ್ಲ. ಆದರೂ ತನ್ನ ಮಾತನ್ನು ಯಾರೋ ಅಳಿಸಿಹಾಕುತ್ತಾರೆ ಎಂಬ ನಂಬಿಕೆಯೊಂದಿಗೇ ಆ ಮನುಷ್ಯ ಮಳೆಯಲ್ಲಿ ನಡೆದುಬಂದಿದ್ದ. ಮುಂದಿನ ಮೂರು ವರ್ಷ ಎರಡನೆಯ ಜನಮತಗಣನೆಯ ಪರವಾದ ವಾದಗಳನ್ನು ಕೇಳುವಾಗಲೆಲ್ಲ ಆತ ನನ್ನ ಕಣ್ಣೆದುರು ಬಂದು ನಿಲ್ಲುತ್ತಿದ್ದ.

ನನ್ನ ಬಳಿ ಇದ್ದದ್ದು ಭಾರತದ ಪಾಸ್‌ಪೋರ್ಟ್ ಮತ್ತು ಕೆಲಸದ ವೀಸಾ. ಕಾಮನ್‌ವೆಲ್ತ್ ದೇಶದ ಪ್ರಜೆ ಎಂಬ ಕಾರಣಕ್ಕೆ, ಬ್ರಿಟನ್ನಿನ ಭವಿಷ್ಯವನ್ನು ನಿರ್ಧರಿಸುವ ಆ ಮತದಾನದಲ್ಲಿ ನನಗೆ ಹಕ್ಕಿತ್ತು. ಪಕ್ಕದ ಮನೆಯಲ್ಲಿ ನನಗಿಂತ ಬಹಳ ಮುಂಚೆ ಇಟಲಿಯಿಂದ ಬಂದು, ಇಲ್ಲಿನ ಶಾಲೆಯಲ್ಲಿ ಪಾಠ ಹೇಳಿ, ಇಲ್ಲಿಯೇ ಇಬ್ಬರು ಮಕ್ಕಳನ್ನು ಬೆಳೆಸಿದ ಮಹಿಳೆಗೆ ಇರಲಿಲ್ಲ. ಐರೋಪ್ಯ ಒಕ್ಕೂಟದ ಪ್ರಜೆಗಳಲ್ಲಿ ಐರ್ಲೆಂಡ್, ಮಾಲ್ಟಾ, ಸೈಪ್ರಸ್‌ನವರನ್ನು ಬಿಟ್ಟರೆ ಬೇರೆ ಯಾರಿಗೂ ಮತವಿರಲಿಲ್ಲ. ನಾನು ಮರಳಿ ಬಂದಾಗ ಆಕೆ ಬಾಗಿಲಲ್ಲಿ ನಿಂತು, "ಹಾಕಿ ಬಂದೆಯಾ?" ಎಂದಷ್ಟೇ ಕೇಳಿದರು. ಯಾವ ಕಡೆ ಎಂದು ಕೇಳಲಿಲ್ಲ. ನಾನು ಒಕ್ಕೂಟದಲ್ಲಿ ಉಳಿಯಬೇಕೆಂದು ಮತ ಹಾಕಿದ್ದೆ. ಇಂದಿಗೂ ಅದೇ ನನ್ನ ಅಭಿಪ್ರಾಯ. ಮುಂದೆ ಹೇಳುವುದನ್ನು ಓದುವಾಗ ಇದು ನೆನಪಿನಲ್ಲಿರಲಿ, ಏಕೆಂದರೆ ನನ್ನ ಕಡೆಯವರಿಗೆ ನಾನು ಹೇಳುವ ಮಾತುಗಳೂ ಇದರಲ್ಲಿವೆ.

ಬೆಳಗಾಗುವಷ್ಟರಲ್ಲಿ ಫಲಿತಾಂಶ ಬಂದಿತ್ತು. ಹೊರಬರಲು 1,74,10,742 ಮತ, ಉಳಿಯಲು 1,61,41,241 ಮತ. ಶೇಕಡಾ 51.9 ಮತ್ತು 48.1. ಸ್ಲೌನಂತಹ, ಪಂಜಾಬಿ ಪಾಕಿಸ್ತಾನಿ ಪೋಲಿಷ್ ಎಲ್ಲರೂ ಒಂದೇ ಬೀದಿಯಲ್ಲಿ ವಾಸಿಸುವ ಊರು ಕೂಡ ಶೇ. 54ರಷ್ಟು ಹೊರಬರುವ ಕಡೆಗಿತ್ತು. ಸ್ಕಾಟ್ಲೆಂಡ್ ಶೇ. 62, ಉತ್ತರ ಐರ್ಲೆಂಡ್ ಸುಮಾರು ಶೇ. 56 ಉಳಿಯುವ ಕಡೆಗೆ. ಎರಡನೆಯ ಮತದಾನ ಬೇಕೆಂಬ ಅರ್ಜಿಗೆ ಕೆಲವೇ ದಿನಗಳಲ್ಲಿ ನಲವತ್ತು ಲಕ್ಷ ಸಹಿ ಬಿದ್ದವು. ಗೆದ್ದ ಕಡೆಯವರು ಇದನ್ನು ಸೋತವರ ಹಟ ಎಂದರು. ಆದರೆ ಮತದಾನಕ್ಕೆ ಮೊದಲೇ ಆ ಅರ್ಜಿಯನ್ನು ಹಾಕಿದ್ದವನು ಹೊರಬರುವ ಪಕ್ಷದವನು. ತನ್ನ ಕಡೆ ಸೋಲುತ್ತದೆಂದು ಭಾವಿಸಿ ಹಾಕಿದ್ದ. 52-48ರಲ್ಲಿ ಫಲಿತಾಂಶ ಬಂದರೆ ವಿಷಯ ಮುಗಿದಂತಾಗುವುದಿಲ್ಲ ಎಂದು ಮೇ ತಿಂಗಳಲ್ಲೇ ಹೇಳಿದವರು ಹೊರಬರುವ ಕಡೆಯ ನಾಯಕ ನೈಜೆಲ್ ಫರಾಜ್. ಅವರ ಮನಸ್ಸಿನಲ್ಲಿದ್ದ ಐವತ್ತೆರಡು ಎದುರು ಪಕ್ಷದ್ದು. ಮರುಮತದಾನದ ಆಸೆ ಯಾವುದೋ ಒಂದು ಕಡೆಯ ಸ್ವಭಾವವಾಗಿರಲಿಲ್ಲ. ಕೂದಲೆಳೆಯ ಅಂತರದ ಸೋಲು ಎದುರು ಕಂಡಾಗ ಎರಡೂ ಕಡೆಯವರಿಗೆ ಬಂದ ಯೋಚನೆ ಅದು.

ಮನೆಮನೆಗೆ ಕೊಟ್ಟ ಮಾತು

ಫಲಿತಾಂಶಕ್ಕೆ ತಲೆಬಾಗಲೇಬೇಕು ಎನ್ನುವವರ ಬಳಿ ಇದ್ದ ಬಲವಾದ ಸಾಕ್ಷ್ಯ ಒಂದು ಕಿರುಹೊತ್ತಗೆ. ಡೇವಿಡ್ ಕ್ಯಾಮರನ್ ಸರ್ಕಾರ 93 ಲಕ್ಷ ಪೌಂಡ್ ಖರ್ಚು ಮಾಡಿ ದೇಶದ ಪ್ರತಿ ಮನೆಗೂ ಅದನ್ನು ಕಳಿಸಿತ್ತು. ಒಕ್ಕೂಟದಲ್ಲಿ ಉಳಿಯುವುದೇ ಒಳ್ಳೆಯದು ಎಂದು ಅದು ವಾದಿಸುತ್ತಿತ್ತು, ನಿಜ. ಆದರೆ ಅದೇ ಹೊತ್ತಗೆಯಲ್ಲಿ, ಇದು ನಿಮ್ಮ ನಿರ್ಧಾರ, ನೀವು ನಿರ್ಧರಿಸಿದ್ದನ್ನು ಸರ್ಕಾರ ಜಾರಿಗೆ ತರುತ್ತದೆ ಎಂದೂ ಅಚ್ಚಾಗಿತ್ತು. ಇದರಲ್ಲಿ 'ಆದರೆ' ಇರಲಿಲ್ಲ. ಕಾನೂನು ಮಾತ್ರ ಇನ್ನೊಂದನ್ನು ಹೇಳುತ್ತಿತ್ತು. 2015ರ ಜನಮತಗಣನೆ ಕಾಯ್ದೆಯಲ್ಲಿ ಮತದಾನ ನಡೆಸುವ ವಿಧಾನವಿತ್ತೇ ಹೊರತು ಫಲಿತಾಂಶ ಬಂದ ಮೇಲೆ ಏನಾಗಬೇಕೆಂಬುದು ಇರಲಿಲ್ಲ. 2011ರಲ್ಲಿ ಮತದಾನ ಪದ್ಧತಿಯ ಬದಲಾವಣೆಗೆ ಜನಮತ ಕೇಳಿದಾಗ, ಜನ ಒಪ್ಪಿದರೆ ಹೊಸ ಪದ್ಧತಿ ಜಾರಿಯಾಗಬೇಕೆಂದು ಕಾಯ್ದೆಯಲ್ಲೇ ಬರೆದಿದ್ದರು. 2015ರಲ್ಲಿ ಹಾಗೆ ಬರೆಯಲಿಲ್ಲ. ಜೀನಾ ಮಿಲ್ಲರ್ ಹೂಡಿದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 2017ರ ಜನವರಿಯಲ್ಲಿ, ಹನ್ನೊಂದರಲ್ಲಿ ಎಂಟು ನ್ಯಾಯಮೂರ್ತಿಗಳ ಬಹುಮತದಿಂದ, ಸಂಸತ್ತಿನ ಒಪ್ಪಿಗೆಯಿಲ್ಲದೆ ಸರ್ಕಾರ ಒಕ್ಕೂಟದಿಂದ ಹೊರಬರುವ ನೋಟಿಸು ಕೊಡುವಂತಿಲ್ಲ ಎಂದಾಗ ಈ ಬಿರುಕು ಎಲ್ಲರಿಗೂ ಕಾಣಿಸಿತು.

ಆಗ ನನ್ನ ಗೆಳೆಯರಲ್ಲಿ ಹಲವರು "ಇದು ಬರೀ ಸಲಹೆಯ ಮತದಾನ, ಸಂಸತ್ತು ಬೇಡವೆನ್ನಬಹುದು" ಎಂದು ಉತ್ಸಾಹಗೊಂಡರು. ಕಾಯ್ದೆಯ ಮಟ್ಟಿಗೆ ಅವರು ಸರಿ. ಆದರೆ ಮನೆ ಬಾಗಿಲಿಗೆ ಬಂದ ಸರ್ಕಾರದ ಮಾತನ್ನು ಓದಿ ಮತ ಹಾಕಿದ ಕೋಟ್ಯಂತರ ಜನರಲ್ಲಿ ಕಾಯ್ದೆಯ ಕಲಮುಗಳನ್ನು ತೆರೆದು ನೋಡಿದವರೆಷ್ಟು? ಸರ್ಕಾರ ಜನರಿಗೆ ಕೊಟ್ಟ ಮಾತು ನ್ಯಾಯಾಲಯದಲ್ಲಿ ನಿಲ್ಲದಿದ್ದರೂ ಅದರ ಭಾರ ಕಡಿಮೆಯಾಗುವುದಿಲ್ಲ. ಸಂಸತ್ತು ಕೂಡ ಹಾಗೆಯೇ ನಡೆದುಕೊಂಡಿತು: ನೋಟಿಸು ಕೊಡುವ ಮಸೂದೆಯ ಎರಡನೆಯ ವಾಚನ 498-114 ಮತಗಳಿಂದ ಪಾಸಾಯಿತು. ಆ ಸದಸ್ಯರಲ್ಲಿ ಹೆಚ್ಚಿನವರು ಸ್ವತಃ ಉಳಿಯುವ ಪಕ್ಷದವರಾಗಿದ್ದರು.

ಇಷ್ಟಾದರೂ ಒಂದು ತೊಡಕು ಉಳಿಯಿತು. ಮತಪತ್ರದಲ್ಲಿ ಇದ್ದದ್ದು ಎರಡೇ ಆಯ್ಕೆ: ಒಕ್ಕೂಟದ ಸದಸ್ಯರಾಗಿ ಉಳಿಯುವುದು, ಅಥವಾ ಹೊರಬರುವುದು. ಉಳಿಯುವುದು ಹೇಗಿರುತ್ತದೆ ಎಂದು ಎಲ್ಲರಿಗೂ ಗೊತ್ತಿತ್ತು. ಹೊರಬರುವುದು ಹೇಗಿರುತ್ತದೆ ಎಂಬುದು ಹೇಳುವವರ ಮೇಲೆ ಅವಲಂಬಿತವಾಗಿತ್ತು. ನಾರ್ವೆಯಂತೆ ಒಕ್ಕೂಟದ ಮಾರುಕಟ್ಟೆಯೊಳಗೇ ಇರಬಹುದು ಎಂದವರಿದ್ದರು, ಕೆನಡಾದಂತೆ ಒಂದು ವ್ಯಾಪಾರ ಒಪ್ಪಂದ ಸಾಕು ಎಂದವರಿದ್ದರು, ಯಾವ ಒಪ್ಪಂದವೂ ಬೇಡ ಎಂದವರೂ ಇದ್ದರು. ನಮ್ಮ ಕಡೆಯ ಕೂಡುಕುಟುಂಬಗಳಲ್ಲಿ ಅಣ್ಣತಮ್ಮಂದಿರು ಒಂದು ರಾತ್ರಿ ಕುಳಿತು "ಪಾಲಾಗೋಣ" ಎಂದು ತೀರ್ಮಾನಿಸುವುದು ಕಷ್ಟವಲ್ಲ. ಬಾವಿ ಯಾರಿಗೆ, ತೋಟಕ್ಕೆ ಹೋಗುವ ದಾರಿ ಯಾರ ಜಮೀನಿನಲ್ಲಿ, ತಾಯಿ ಯಾರ ಮನೆಯಲ್ಲಿ ಎಂಬ ಮಾತು ಶುರುವಾದ ಮೇಲೆ ಪಾಲು ಕೇಳಿದವರಲ್ಲೇ ಜಗಳ ಹುಟ್ಟುತ್ತದೆ. ಬ್ರಿಟನ್ನಿನಲ್ಲಿ ಆದದ್ದು ಇದೇ. 2017ರ ಜನವರಿ 17ರಂದು ಲ್ಯಾಂಕಾಸ್ಟರ್ ಹೌಸ್‌ನ ಭಾಷಣದಲ್ಲಿ ಆಗಿನ ಪ್ರಧಾನಿ ಥೆರೆಸಾ ಮೇ ಅವರು ಒಕ್ಕೂಟದ ಏಕ ಮಾರುಕಟ್ಟೆಯಿಂದಲೂ ಹೊರಬರುವುದಾಗಿ ಘೋಷಿಸಿದರು. ಆ ವಿವರವನ್ನು ಮತಪತ್ರ ಕೇಳಿರಲಿಲ್ಲ. ನನ್ನ ದೃಷ್ಟಿಯಲ್ಲಿ ದೇಶ ಎಡವಿದ ಮೊದಲ ಜಾಗ ಇದು. ನೂರರಲ್ಲಿ ನಲವತ್ತೆಂಟು ಜನ ಬೇಡವೆಂದ ಹೊರದಾರಿಯನ್ನು ಹಿಡಿಯಲೇಬೇಕಾಗಿ ಬಂದಾಗ, ಆ ನಲವತ್ತೆಂಟು ಜನ ಕಷ್ಟಪಟ್ಟಾದರೂ ಒಪ್ಪಬಹುದಾದ ದಾರಿ ಯಾವುದು ಎಂದು ಪ್ರಧಾನಿಯಾದವರು ಮೊದಲು ಕೇಳಬೇಕಿತ್ತು. ಯಾರೂ ಅವರನ್ನು ಕರೆದು ಕೂರಿಸಲಿಲ್ಲ.

ಊಟದ ಮೇಜಿನಲ್ಲಿ

2018ರ ನವೆಂಬರಿನಲ್ಲಿ ಒಂದು ಶಾಲೆಯ ಸಭಾಂಗಣವನ್ನು ಬಾಡಿಗೆಗೆ ಪಡೆದು ನಡೆಸಿದ ರಾಜ್ಯೋತ್ಸವದ ದಿನ, ನನ್ನ ಪಕ್ಕದಲ್ಲಿ ದಾವಣಗೆರೆ ಕಡೆಯ ಹಿರಿಯ ವೈದ್ಯರೊಬ್ಬರು ಊಟಕ್ಕೆ ಕುಳಿತಿದ್ದರು. ಡಾಂಕಾಸ್ಟರ್ ಸುತ್ತಿನ ಕಲ್ಲಿದ್ದಲು ಊರುಗಳಲ್ಲಿ ದಶಕಗಳ ಕಾಲ ವೈದ್ಯರಾಗಿದ್ದು, ನಿವೃತ್ತರಾದ ಮೇಲೆ ಮಗನ ಮನೆಗೆಂದು ದಕ್ಷಿಣಕ್ಕೆ ಬಂದವರು. ಹಿಂದಿನ ತಿಂಗಳಷ್ಟೇ ಲಂಡನ್ನಿನಲ್ಲಿ ಎರಡನೆಯ ಜನಮತಗಣನೆಗಾಗಿ ಭಾರೀ ಮೆರವಣಿಗೆ ನಡೆದಿತ್ತು. ಸಂಘಟಕರ ಲೆಕ್ಕದಲ್ಲಿ ಏಳು ಲಕ್ಷ ಜನ. ಮೇಜಿನಲ್ಲಿದ್ದ ಒಬ್ಬ ವಿದ್ಯಾರ್ಥಿನಿ ಆ ಮೆರವಣಿಗೆಗೆ ಹೋಗಿಬಂದದ್ದನ್ನು ಹೇಳುತ್ತಿದ್ದಳು. ವೈದ್ಯರು ಬಿಸಿಬೇಳೆಬಾತಿನ ತಟ್ಟೆಯನ್ನು ಸ್ವಲ್ಪ ಪಕ್ಕಕ್ಕೆ ಸರಿಸಿ, "ನಾನು ಹೊರಬರುವ ಕಡೆಗೆ ಹಾಕಿದವನು, ನಿನಗೆ ಗೊತ್ತಿರಲಿ" ಎಂದರು. ಮೇಜು ಒಂದು ಕ್ಷಣ ಸುಮ್ಮನಾಯಿತು. ನಮ್ಮವರಲ್ಲಿ ಅಂಥವರು ಕಡಿಮೆಯೇನಿರಲಿಲ್ಲ, ಬಾಯಿಬಿಟ್ಟು ಹೇಳುತ್ತಿದ್ದವರು ಕಡಿಮೆ. ಅವರ ಕಾರಣಗಳಲ್ಲಿ ಒಂದು ನಮಗೆಲ್ಲ ಪರಿಚಯದ್ದೇ: ಊರಿನಿಂದ ತಂಗಿಯನ್ನು ಒಂದು ತಿಂಗಳಿಗೆ ಕರೆಸಿಕೊಳ್ಳಲು ವೀಸಾ ಸಿಗದೆ ಪರದಾಡಿದವರಿಗೆ, ಯುರೋಪಿನ ಯಾವ ಮೂಲೆಯಿಂದಾದರೂ ಯಾರಾದರೂ ಬಂದು ನೆಲೆಸಬಹುದು ಎಂಬುದು ಅನ್ಯಾಯವಾಗಿ ಕಂಡಿತ್ತು.

ಅವರು ಒತ್ತುಕೊಟ್ಟು ಹೇಳಿದ್ದು ಇನ್ನೊಂದು ಮಾತು. "ಗಣಿ ಮುಚ್ಚಿದ ಮೇಲೆ ನನ್ನ ಬಳಿ ಬರುತ್ತಿದ್ದ ಗಂಡಸರಿಗೆ ಶ್ವಾಸಕೋಶದ ಕಾಯಿಲೆ ಒಂದು, ಕೆಲಸವಿಲ್ಲದ ಕೊರಗು ಇನ್ನೊಂದು. ಅವರಲ್ಲಿ ಬಹಳ ಜನ ಓಟು ಹಾಕುವುದನ್ನೇ ಬಿಟ್ಟಿದ್ದರು. ಯಾವಾಗಲೂ ಒಂದೇ ಪಕ್ಷ ಗೆಲ್ಲುವ ಕ್ಷೇತ್ರ, ಹಾಕಿದರೇನು ಬಿಟ್ಟರೇನು. ಈ ಒಂದು ಸಲ ಪ್ರತಿ ಓಟೂ ಎಣಿಕೆಗೆ ಬರುತ್ತದೆ ಎಂದಿದ್ದಕ್ಕೆ ಎದ್ದು ಹೋದರು. ಹೋದರು, ಗೆದ್ದರು. ಈಗ ನೀವೆಲ್ಲ ಸೇರಿ, ಅವರಿಗೆ ಅರ್ಥವಾಗಿರಲಿಲ್ಲ, ಇನ್ನೊಮ್ಮೆ ಹಾಕಲಿ ಅನ್ನುತ್ತೀರಿ. ಅವರು ಮತ್ತೆ ಯಾವತ್ತಾದರೂ ಮತಗಟ್ಟೆಗೆ ಬರುತ್ತಾರೆ ಅಂದುಕೊಂಡಿದ್ದೀರಾ?" ಡಾಂಕಾಸ್ಟರ್‌ನಲ್ಲಿ ಶೇ. 69 ಜನ ಹೊರಬರುವ ಕಡೆಗಿದ್ದರು. ವಿದ್ಯಾರ್ಥಿನಿ ಹಿಂಜರಿಯಲಿಲ್ಲ. 2016ರಲ್ಲಿ ತನಗೆ ಹದಿನೇಳು ತುಂಬಿತ್ತು, ಆಗ ಕೇಳಲಿಲ್ಲ. ಈಗ ಒಪ್ಪಂದದ ಕರಡು ನೂರಾರು ಪುಟಗಳಲ್ಲಿ ಎದುರಿಗಿದೆ, ಇದನ್ನೇ ನೀವು ಬಯಸಿದ್ದಿರಾ ಎಂದು ಕೇಳುವುದು ಅವಮಾನ ಹೇಗಾಗುತ್ತದೆ, ಆಪರೇಷನ್‌ಗೆ ಮುನ್ನ ರೋಗಿಯ ಸಹಿ ಕೇಳದೆ ನೀವೇ ಕತ್ತಿ ಹಿಡಿಯುತ್ತಿದ್ದಿರಾ ಎಂದಳು. ವೈದ್ಯರು ತಲೆದೂಗಿದರು, ಆದರೆ ಒಪ್ಪಲಿಲ್ಲ. "ಮೊದಲೇ ಎರಡು ಸುತ್ತು ಅಂದಿದ್ದರೆ ಸರಿ. ಒಂದೇ ಸುತ್ತು ಅಂದು, ಸೋತ ಮೇಲೆ ಎರಡು ಸುತ್ತು ಅನ್ನಬಾರದು."

ಆ ವಾಕ್ಯ ನನ್ನನ್ನು ಬಿಟ್ಟಿಲ್ಲ. ಹುಡುಗಿಯ ವಾದದಲ್ಲಿ ತರ್ಕದ ದೋಷವಿರಲಿಲ್ಲ; ಒಪ್ಪಂದದ ವಿವರಗಳನ್ನು ಕಂಡ ಮೇಲೆ ಜನರನ್ನು ಕೇಳುವುದು ಉತ್ತಮ ಪದ್ಧತಿಯೇ. ಆದರೆ ಪದ್ಧತಿಯನ್ನು ಆಟದ ನಡುವೆ ಸೋತ ಕಡೆಯವರು ಮಂಡಿಸಿದಾಗ ಅದು ಪದ್ಧತಿಯಾಗಿ ಯಾರ ಕಿವಿಗೂ ಬೀಳುವುದಿಲ್ಲ. ಹೊರಬರುವ ಕಡೆಯ ಸುಳ್ಳುಗಳನ್ನು, ವಾರಕ್ಕೆ 35 ಕೋಟಿ ಪೌಂಡ್ ಒಕ್ಕೂಟಕ್ಕೆ ಹೋಗುತ್ತದೆಂದು ಬಸ್ಸಿನ ಮೇಲೆ ಬರೆದದ್ದನ್ನು ನನ್ನ ಗೆಳೆಯರು ನೆನಪಿಸುತ್ತಿದ್ದರು. ಆ ಲೆಕ್ಕ ದಾರಿತಪ್ಪಿಸುವಂಥದ್ದೆಂದು ಅಂಕಿಅಂಶ ಪ್ರಾಧಿಕಾರವೇ ಹೇಳಿತ್ತು. ಆದರೆ ಹೊರಬರಲು ಮತ ಹಾಕಿದ ಕೂಡಲೇ ಆರ್ಥಿಕ ಹಿಂಜರಿತ ಬರುತ್ತದೆಂದು ಹಣಕಾಸು ಇಲಾಖೆ ಎಚ್ಚರಿಸಿದ್ದೂ ನಿಜವಾಗಲಿಲ್ಲ. ಪ್ರಚಾರದಲ್ಲಿ ಸುಳ್ಳು ಹೇಳಿದರೆಂದು ಫಲಿತಾಂಶವನ್ನೇ ರದ್ದು ಮಾಡುವುದಾದರೆ ಯಾವ ದೇಶದ ಯಾವ ಚುನಾವಣೆಯೂ ಉಳಿಯುವುದಿಲ್ಲ.

ಮೂರು ಮತಗಳ ಅಂತರ

ಮರುಮತದಾನ ಕೇಳುತ್ತಿದ್ದವರು ಡೆನ್ಮಾರ್ಕ್ ಮತ್ತು ಐರ್ಲೆಂಡ್‌ಗಳನ್ನು ಉದಾಹರಿಸುತ್ತಿದ್ದರು. 1992ರಲ್ಲಿ ಐರೋಪ್ಯ ಒಕ್ಕೂಟದ ಮಾಸ್ಟ್ರಿಕ್ಟ್ ಒಪ್ಪಂದವನ್ನು ಡೆನ್ಮಾರ್ಕ್ ಶೇ. 50.7 ಮತಗಳಿಂದ ತಿರಸ್ಕರಿಸಿ ಮರುವರ್ಷ ಒಪ್ಪಿತು. 2008ರಲ್ಲಿ ಒಕ್ಕೂಟದ ಲಿಸ್ಬನ್ ಒಪ್ಪಂದಕ್ಕೆ ಬೇಡವೆಂದ ಐರ್ಲೆಂಡ್ 2009ರಲ್ಲಿ ಶೇ. 67 ಮತಗಳಿಂದ ಹೂಂ ಎಂದಿತು. ಆದರೆ ಆ ಎರಡೂ ದೇಶಗಳಲ್ಲಿ ಸರ್ಕಾರಗಳು ಮೊದಲು ಒಕ್ಕೂಟದ ಕೇಂದ್ರವಾದ ಬ್ರಸೆಲ್ಸ್‌ಗೆ ಹೋಗಿ, ಬೇಡವೆಂದವರ ಆಕ್ಷೇಪಗಳಿಗೆ ಪರಿಹಾರ ತಂದವು: ಡೆನ್ಮಾರ್ಕ್‌ಗೆ ಏಕ ಕರೆನ್ಸಿಯೂ ಸೇರಿ ನಾಲ್ಕು ವಿಷಯಗಳಲ್ಲಿ ವಿನಾಯಿತಿ, ಐರ್ಲೆಂಡ್‌ಗೆ ತೆರಿಗೆ, ತಟಸ್ಥ ನೀತಿ, ಗರ್ಭಪಾತದ ಕಾನೂನುಗಳ ಬಗ್ಗೆ ಭರವಸೆ. ಎರಡನೆಯ ಸಲ ಕೇಳಿದ ಪ್ರಶ್ನೆಯೊಳಗೆ ಮೊದಲ ಸಲ ಗೆದ್ದವರ ಮಾತಿಗೂ ಜಾಗ ಸಿಕ್ಕಿತ್ತು. ಬ್ರಿಟನ್ನಿನಲ್ಲಿ ಎರಡನೆಯ ಮತ ಕೇಳಿದವರು ಡಾಂಕಾಸ್ಟರ್‌ನ ಆ ಗಂಡಸರಿಗೆ ಹೊಸದಾಗಿ ಏನು ಕೊಡಲು ಸಿದ್ಧರಿದ್ದರು? ನಾನು ಎಷ್ಟು ಹುಡುಕಿದರೂ ಮೆರವಣಿಗೆಯ ಫಲಕಗಳಲ್ಲಿ ಇದಕ್ಕೆ ಉತ್ತರ ಕಾಣಲಿಲ್ಲ.

2019ರ ಜನವರಿಯಲ್ಲಿ, ಹೊರಬರುವ ಬಗ್ಗೆ ಮೇ ಅವರು ಒಕ್ಕೂಟದೊಂದಿಗೆ ಮಾಡಿಕೊಂಡ ಒಪ್ಪಂದ ಸಂಸತ್ತಿನಲ್ಲಿ 432-202ರಿಂದ ಬಿದ್ದುಹೋಯಿತು. ಮಾರ್ಚಿನಲ್ಲಿ ಮತ್ತೆರಡು ಸಲ ಬಿತ್ತು. ನೋಟಿಸು ಹಿಂಪಡೆಯಬೇಕೆಂಬ ಅರ್ಜಿಗೆ ಅರವತ್ತು ಲಕ್ಷಕ್ಕೂ ಹೆಚ್ಚು ಸಹಿ. ಆ ದಿನಗಳಲ್ಲಿ ನಮ್ಮ ಮನೆಯಲ್ಲಿ ರಾತ್ರಿಯ ಊಟ ಸಂಸತ್ತಿನ ನೇರ ಪ್ರಸಾರದ ಮುಂದೆಯೇ. ಏಪ್ರಿಲ್ 1ರ ರಾತ್ರಿ ಸದಸ್ಯರು ನಾಲ್ಕು ಪರ್ಯಾಯಗಳ ಮೇಲೆ ಮತ ಹಾಕಿದರು. ಯಾವ ಒಪ್ಪಂದವಾದರೂ ಜನರ ಮುಂದಿಡಬೇಕೆಂಬ ಸೂಚನೆ 280-292ರಿಂದ ಸೋತಿತು. ಒಕ್ಕೂಟದಿಂದ ಹೊರಬಂದರೂ ಅದರೊಂದಿಗೆ ಒಂದೇ ಸುಂಕ ವ್ಯವಸ್ಥೆಯಲ್ಲಿ ಉಳಿಯಬೇಕೆಂಬ ಕೆನೆತ್ ಕ್ಲಾರ್ಕ್ ಅವರ ಸೂಚನೆ 273-276ರಿಂದ ಸೋತಿತು. ಮೂರು ಮತ. ಹೊರಬರುವ ಮಾತೂ ಉಳಿಯುತ್ತಿತ್ತು, ನಲವತ್ತೆಂಟರ ಭಯಕ್ಕೂ ಒಂದಿಷ್ಟು ಉತ್ತರ ಸಿಗುತ್ತಿತ್ತು, ಗಡಿಯಲ್ಲಿ ಸರಕು ತಪಾಸಣೆಯ ತೊಡಕೂ ಕಡಿಮೆಯಾಗುತ್ತಿತ್ತು. ಗೆದ್ದವರಲ್ಲಿ ಕಟ್ಟಾ ಮಂದಿ ಅದನ್ನು ವಿರೋಧಿಸಿದ್ದು ನಿರೀಕ್ಷಿತವೇ. ಎರಡನೆಯ ಜನಮತಕ್ಕಾಗಿ ಹೋರಾಡುತ್ತಿದ್ದವರಲ್ಲೂ ಹಲವರು, ಪೂರ್ತಿ ಗೆಲುವು ಇನ್ನೂ ಸಾಧ್ಯ ಎಂಬ ನಂಬಿಕೆಯಿಂದ, ಅದರ ವಿರುದ್ಧ ಮತ ಹಾಕಿದರು ಅಥವಾ ಮತ ಹಾಕದೆ ಉಳಿದರು. ನನ್ನ ಕಡೆಯವರ ಮೇಲೆ ನನಗೆ ಅತ್ಯಂತ ದುಃಖವಾದ ರಾತ್ರಿ ಅದು. ಫಲಿತಾಂಶವನ್ನು ಗೌರವಿಸಿಯೂ ಸೋತವರನ್ನು ಉಳಿಸಿಕೊಳ್ಳುವ ದಾರಿ ಕೈಯಳತೆಯಲ್ಲಿತ್ತು, ಅದನ್ನು ಎರಡೂ ತುದಿಯವರು ಸೇರಿ ಮುಚ್ಚಿದರು.

ಉಳಿದದ್ದು ಬೇಗ ಮುಗಿಯಿತು. ಡಿಸೆಂಬರ್ 12ರ ಚುನಾವಣೆಯಲ್ಲಿ ಮೇ ಅವರ ನಂತರ ಪ್ರಧಾನಿಯಾಗಿದ್ದ ಬೋರಿಸ್ ಜಾನ್ಸನ್ ಅವರ ಪಕ್ಷ ಶೇ. 43.6 ಮತಗಳಿಂದ 365 ಸ್ಥಾನ ಪಡೆಯಿತು. ಎರಡನೆಯ ಮತದಾನದ ಪರವಾಗಿದ್ದ ಪಕ್ಷಗಳ ಮತಗಳನ್ನೆಲ್ಲ ಕೂಡಿಸಿದರೆ ಅರ್ಧಕ್ಕಿಂತ ತುಸು ಹೆಚ್ಚೇ ಇದ್ದವು, ಆದರೆ ಅವು ಹಂಚಿಹೋಗಿದ್ದವು. ಹೆಚ್ಚು ಮತ ಪಡೆದವನೇ ಗೆಲ್ಲುವ ಪದ್ಧತಿಯ ಈ ಲೆಕ್ಕಾಚಾರವನ್ನು ಕನ್ನಡದ ಓದುಗರಿಗೆ ವಿವರಿಸಬೇಕಿಲ್ಲ. 2020ರ ಜನವರಿ 31ರ ರಾತ್ರಿ ಬ್ರಿಟನ್ ಹೊರಬಂದಿತು.

ಗೋವೆಯ ಎರಡು ಎಲೆ

ಕಾರವಾರದ ಕಡೆಯವರಿಗೆ ಜನಮತಗಣನೆ ತೀರಾ ಅಪರಿಚಿತ ವಿಷಯವಲ್ಲ. ಕಾಳಿ ನದಿ ದಾಟಿ ಸ್ವಲ್ಪ ದೂರ ಹೋದರೆ ಸಿಗುವ ಗೋವೆಯಲ್ಲಿ 1967ರ ಜನವರಿ 16ರಂದು ಒಂದು ನಡೆದಿತ್ತು: ಮಹಾರಾಷ್ಟ್ರದಲ್ಲಿ ವಿಲೀನವಾಗಬೇಕೇ, ಕೇಂದ್ರಾಡಳಿತ ಪ್ರದೇಶವಾಗಿ ಉಳಿಯಬೇಕೇ ಎಂದು. ವಿಲೀನಕ್ಕೆ ಹೂವಿನ ಚಿಹ್ನೆ, ಬೇಡವೆನ್ನುವವರಿಗೆ ಎರಡು ಎಲೆ. ಮನೆಮನೆಗಳನ್ನು ಒಡೆದ ಪ್ರಚಾರವದು; ಗಡಿಯೀಚೆಯ ನೆಂಟರ ಮನೆಗಳಲ್ಲೂ ಅದೇ ಮಾತು ನಡೆದಿತ್ತೆಂದು ನಮ್ಮ ಹಿರಿಯರು ಹೇಳುತ್ತಿದ್ದರು. ಶೇ. 54.20ಕ್ಕೆ 43.50ರಂತೆ, 34,021 ಮತಗಳ ಅಂತರದಿಂದ ಎರಡು ಎಲೆ ಗೆದ್ದಿತು. ಕೆಲವೇ ವಾರಗಳ ನಂತರ ನಡೆದ ವಿಧಾನಸಭಾ ಚುನಾವಣೆಯಲ್ಲಿ, ವಿಲೀನವನ್ನು ಬಯಸಿ ಸೋತಿದ್ದ ಮಹಾರಾಷ್ಟ್ರವಾದಿ ಗೋಮಾಂತಕ ಪಕ್ಷವೇ ಮೂವತ್ತರಲ್ಲಿ ಹದಿನಾರು ಸ್ಥಾನ ಗೆದ್ದು, ದಯಾನಂದ ಬಾಂದೋಡಕರ್ ಮತ್ತೆ ಮುಖ್ಯಮಂತ್ರಿಯಾದರು. ಅಧಿಕಾರ ಕೈಯಲ್ಲಿತ್ತು. ಆದರೂ ಆ ಪ್ರಶ್ನೆ ಮತ್ತೆ ಮತಪೆಟ್ಟಿಗೆಗೆ ಬರಲಿಲ್ಲ, 1987ರಲ್ಲಿ ಗೋವಾ ಪ್ರತ್ಯೇಕ ರಾಜ್ಯವಾಯಿತು.

ಅಲ್ಲಿ ಫಲಿತಾಂಶ ನಿಂತದ್ದೇಕೆ ಎಂದು ಯೋಚಿಸಿದರೆ ನನಗೆ ಕಾಣುವುದು ಎರಡು ಸಂಗತಿ. ಮತದಾನ ನ್ಯಾಯವಾಗಿ ನಡೆಯಲೆಂದು ಬಾಂದೋಡಕರ್ ಸರ್ಕಾರ ಮೊದಲೇ ರಾಜೀನಾಮೆ ಕೊಟ್ಟು ರಾಷ್ಟ್ರಪತಿ ಆಳ್ವಿಕೆಯಲ್ಲಿ ಮತದಾನ ನಡೆಯಿತು. ಹೀಗಾಗಿ ಸೋತವರಿಗೆ ಮೋಸದ ಮಾತಾಡಲು ಎಡೆಯಿರಲಿಲ್ಲ. ಇನ್ನು ಎರಡೂ ಚಿಹ್ನೆಗಳ ಹಿಂದೆ ಇದ್ದದ್ದು ಕಣ್ಣಿಗೆ ಕಾಣುವ ವಸ್ತುಸ್ಥಿತಿ: ಮಹಾರಾಷ್ಟ್ರ ಎಂದರೇನೆಂದು ಗೊತ್ತಿತ್ತು, ಕೇಂದ್ರಾಡಳಿತ ಎಂದರೇನೆಂದು ಆಗಲೇ ಅನುಭವವಾಗಿತ್ತು. ಗೆದ್ದವರು ಗೆದ್ದ ಮೇಲೆ ಹೊಸ ಅರ್ಥ ಹುಡುಕಬೇಕಾಗಿರಲಿಲ್ಲ. ಗೋವೆಗೂ ಬ್ರಿಟನ್ನಿಗೂ ಗಾತ್ರದಲ್ಲಿ ಹೋಲಿಕೆಯಿಲ್ಲ, ಅದು ನನಗೆ ಗೊತ್ತು. ಸೋತವರು ಒಪ್ಪಿಕೊಳ್ಳುವಂತಾಗಲು ಬೇಕಾದದ್ದು ಮತದಾನದ ಮೊದಲೇ ಸಿದ್ಧವಾಗಿರಬೇಕು ಎಂಬುದಕ್ಕಷ್ಟೇ ಇದನ್ನು ಹೇಳಿದೆ.

ಮೊದಲೇ ಬರೆದಿಡಬೇಕಾದದ್ದು

ನನಗೆ ಹೆಚ್ಚು ಬೇಸರ ತರುವುದೆಂದರೆ, ಇದೆಲ್ಲ ಬ್ರಿಟನ್ನಿಗೆ ಗೊತ್ತಿಲ್ಲದ ವಿದ್ಯೆಯೇನೂ ಆಗಿರಲಿಲ್ಲ. 1979ರಲ್ಲಿ ಸ್ಕಾಟ್ಲೆಂಡಿಗೆ ಪ್ರತ್ಯೇಕ ಶಾಸನಸಭೆ ಬೇಕೇ ಎಂದು ಕೇಳಿದಾಗ, ಒಟ್ಟು ಮತದಾರರಲ್ಲಿ ಶೇ. 40 ಜನ ಹೂಂ ಎನ್ನಬೇಕೆಂಬ ನಿಯಮ ಮೊದಲೇ ಇತ್ತು. ಮತ ಹಾಕಿದವರಲ್ಲಿ ಶೇ. 51.6 ಹೂಂ ಎಂದರೂ ಒಟ್ಟು ಮತದಾರರ ಲೆಕ್ಕದಲ್ಲಿ ಅದು ಶೇ. 33 ಕೂಡ ಮುಟ್ಟಲಿಲ್ಲ; ಸಭೆ ಬರಲಿಲ್ಲ. ಕಹಿ ಉಳಿಯಿತು. ಹದಿನೆಂಟು ವರ್ಷಗಳ ನಂತರ, ವಿವರವಾದ ಯೋಜನೆಯೊಂದಿಗೆ, ಚುನಾವಣೆಯಲ್ಲಿ ಅದನ್ನು ಹೇಳಿ ಗೆದ್ದ ಸರ್ಕಾರ ಮತ್ತೆ ಕೇಳಿದಾಗ ಶೇ. 74 ಜನ ಒಪ್ಪಿದರು. 1998ರಲ್ಲಿ ಉತ್ತರ ಐರ್ಲೆಂಡಿನ ಶಾಂತಿ ಒಪ್ಪಂದಕ್ಕೆ ಜನಮತ ಕೇಳುವಾಗ ಒಪ್ಪಂದದ ಪೂರ್ತಿ ಪಠ್ಯವನ್ನೇ ಪ್ರತಿ ಮನೆಗೆ ತಲುಪಿಸಿದ್ದರು, ಶೇ. 71 ಜನ ಅದನ್ನು ಒಪ್ಪಿದರು. ಅದರ ಬೆನ್ನಿಗೇ ಬಂದ ಕಾಯ್ದೆಯಲ್ಲಿ, ಐರ್ಲೆಂಡ್ ಏಕೀಕರಣದ ಬಗ್ಗೆ ಒಮ್ಮೆ ಜನಮತ ಕೇಳಿದರೆ ಮತ್ತೆ ಕೇಳಲು ಕನಿಷ್ಠ ಏಳು ವರ್ಷ ಕಳೆಯಬೇಕೆಂದು ಬರೆದಿದೆ. ಎಂದರೆ, ಮರುಪ್ರಶ್ನೆ ಕೇಳುವುದು ತಪ್ಪಲ್ಲ, ಯಾವಾಗ ಎಂಬುದು ಮಾತ್ರ ಮೊದಲೇ ನಿಶ್ಚಯವಾಗಿರಬೇಕು ಎಂದು ಅದೇ ಸಂಸತ್ತು ಹದಿನೇಳು ವರ್ಷ ಮೊದಲೇ ಕಂಡುಕೊಂಡಿತ್ತು. 2015ರ ಕಾಯ್ದೆ ಬರೆಯುವಾಗ ಕನಿಷ್ಠ ಪ್ರಮಾಣದ ನಿಯಮವನ್ನೂ ಇಡಲಿಲ್ಲ, ಹೊರಬರುವುದೆಂದರೆ ಏನೆಂಬ ಪಠ್ಯವನ್ನೂ ಕೊಡಲಿಲ್ಲ, ಮರುಪ್ರಶ್ನೆಯ ಗಡುವನ್ನೂ ಬರೆಯಲಿಲ್ಲ.

ಹಾಗಾಗಿ ಊರಿನವರಿಗೆ ನನ್ನ ಉತ್ತರ ಹೀಗಿದೆ. 2019ರಲ್ಲಿ, ಮೊದಲ ನಿರ್ಧಾರ ಜಾರಿಯಾಗುವ ಮೊದಲೇ ಅದನ್ನು ಅಳಿಸಲು ಎರಡನೆಯ ಮತ ಕೇಳುವುದನ್ನು ನಾನು ಒಪ್ಪಲಿಲ್ಲ. ಉಳಿಯಲು ಮತ ಹಾಕಿದ ನಾನು ಆ ಮೆರವಣಿಗೆಗಳಿಗೆ ಹೋಗಲಿಲ್ಲ, ಇದರಿಂದ ಒಂದೆರಡು ಸ್ನೇಹಗಳು ಸಡಿಲವಾದವು. ಇಂದು ಪರಿಸ್ಥಿತಿ ಬೇರೆ. ಕೊಟ್ಟ ಮಾತು ನಡೆದಿದೆ, ಫಲವನ್ನು ಜನ ಉಂಡಿದ್ದಾರೆ, ಆಗ ಹೊರಬರಲು ಮತ ಹಾಕಿದವರಲ್ಲಿ ಎಷ್ಟೋ ಜನ ಈಗಿಲ್ಲ, ಆಗ ಎಂಟು ವರ್ಷದವರಾಗಿದ್ದವರು ಮತದಾರರಾಗಿದ್ದಾರೆ. ಯಾವುದಾದರೂ ಪಕ್ಷ ಮರಳಿ ಸೇರುವ ಪ್ರಸ್ತಾಪವನ್ನು ಪ್ರಣಾಳಿಕೆಯಲ್ಲಿ ಹೇಳಿ, ಚುನಾವಣೆ ಗೆದ್ದು, ಒಕ್ಕೂಟದೊಂದಿಗೆ ಷರತ್ತುಗಳನ್ನು ಮಾತಾಡಿ, ಆ ಪಠ್ಯವನ್ನು ಮನೆಮನೆಗೆ ಕಳಿಸಿ ಕೇಳಿದರೆ, ಅದು ಡಾಂಕಾಸ್ಟರ್‌ನ ಮತವನ್ನು ಅಳಿಸಿದಂತಾಗುವುದಿಲ್ಲ. 2024ರಲ್ಲಿ ಗೆದ್ದ ಲೇಬರ್ ಪಕ್ಷ ಏಕ ಮಾರುಕಟ್ಟೆಗೂ ಸುಂಕ ಒಕ್ಕೂಟಕ್ಕೂ ಮರಳುವುದಿಲ್ಲ ಎಂದು ಹೇಳಿಯೇ ಗೆದ್ದದ್ದು. ಆ ಮಾತನ್ನು ನಡುವೆಯೇ ಮುರಿಯಬೇಕೆಂದು ಈಗ ಕೇಳುತ್ತಿರುವ ಗೆಳೆಯರಿಗೆ, ಮುಂದಿನ ಪ್ರಣಾಳಿಕೆಯಲ್ಲಿ ಬರೆಸಿ ಎಂದು ಹೇಳುತ್ತೇನೆ.

ಯಾರನ್ನು ಕೇಳಬೇಕು ಎಂಬುದೊಂದು ಉಳಿಯುತ್ತದೆ. 2019ರ ವಸಂತದಲ್ಲಿ ನನ್ನ ಇಟಾಲಿಯನ್ ನೆರೆಯವರು ನಮ್ಮ ಅಡುಗೆಮನೆಗೆ ಬಂದು ನನ್ನ ಫೋನನ್ನು ಎರವಲು ಕೇಳಿದರು. ಐರೋಪ್ಯರು ಇಲ್ಲೇ ನೆಲೆಸಲು ಅರ್ಜಿ ಹಾಕಬೇಕಿದ್ದ ಸರ್ಕಾರದ ಆ್ಯಪ್ ಆಗ ಆಂಡ್ರಾಯ್ಡ್ ಫೋನುಗಳಲ್ಲಿ ಮಾತ್ರ ಪಾಸ್‌ಪೋರ್ಟಿನ ಚಿಪ್ ಓದುತ್ತಿತ್ತು, ಅವರದ್ದು ಐಫೋನ್. ಪಾಸ್‌ಪೋರ್ಟಿನ ಮೇಲೆ ಫೋನನ್ನು ಅತ್ತಿತ್ತ ಸರಿಸುತ್ತಾ, ಚಿಪ್ ಸಿಗದೆ, ಮತ್ತೆ ಮೊದಲಿನಿಂದ ಶುರು ಮಾಡುತ್ತಾ ನಾವಿಬ್ಬರೂ ಬಹಳ ಹೊತ್ತು ಕುಳಿತೆವು. ಕೊನೆಗೆ ಮುಖದ ಫೋಟೋ ತೆಗೆಯುವಾಗ ಕನ್ನಡಕ ತೆಗೆಯಬೇಕೆಂದು ಆ್ಯಪ್ ಹೇಳಿತು, ತೆಗೆದರು. ಅವರು ಆ ದೇಶದ ಮಕ್ಕಳಿಗೆ ಗಣಿತ ಕಲಿಸಿದ್ದರು. 2014ರಲ್ಲಿ ಸ್ಕಾಟ್ಲೆಂಡ್ ಸ್ವಾತಂತ್ರ್ಯದ ಜನಮತಗಣನೆಯಲ್ಲಿ ಅಲ್ಲಿ ನೆಲೆಸಿದ ಐರೋಪ್ಯ ಪ್ರಜೆಗಳಿಗೂ ಹದಿನಾರು ತುಂಬಿದವರಿಗೂ ಮತವಿತ್ತು, ಶೇ. 84.6 ಮತದಾನವಾಗಿ, ಶೇ. 55 ಜನ ಬೇಡವೆಂದರು. ಇನ್ನೊಂದು ಮತದಾನದ ಕಾಯ್ದೆಯನ್ನು ಬರೆಯುವವರು ಆ ಪಟ್ಟಿಯಿಂದ ಶುರು ಮಾಡಲಿ. ಷರತ್ತುಗಳ ಪಠ್ಯ, ಮರುಪ್ರಶ್ನೆಗೆ ಇಷ್ಟು ವರ್ಷ ಎಂಬ ಗಡುವು, ಮತದಾರರು ಯಾರು ಎಂಬ ವಿವರ, ಈ ಮೂರನ್ನೂ ಎರಡೂ ಕಡೆಯವರು ಕುಳಿತು ಒಪ್ಪಿದ ಮೇಲೆಯೇ ಮತದಾನದ ದಿನಾಂಕವನ್ನು ಗೊತ್ತುಮಾಡಲಿ.